ನಾನು ಕಟ್ಟಿದ ಧ್ವನಿವರ್ಧಕ

— ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ

ಮನುಷ್ಯನಿಗೆ ಹವ್ಯಾಸಗಳು ಹಲವು. ಒಬ್ಬರು ಅಂಚೆಚೀಟಿ ಕೂಡಿಸುತ್ತಾರೆ. ಒಬ್ಬರು ಕವಿತೆ ಬರೆಯುತ್ತಾರೆ. ಮತ್ತೊಬ್ಬರು ಇವೆರಡೂ ಕೈಗೂಡದೆ, ಇವೆರಡನ್ನು ಮಾಡುವವರನ್ನು ಟೀಕಿಸುತ್ತ ಕಾಲ ಕಳೆಯುತ್ತಾರೆ. ನನ್ನ ಕೈಗೆ ಅಂಟಿಕೊಂಡದ್ದು ಬೆಸುಗೆಯ ಕಡ್ಡಿ. ಚರಿತ್ರೆ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವ ಹುಡುಗನ ಜೇಬಿನಲ್ಲಿ ಪೆನ್ನಿನ ಪಕ್ಕಕ್ಕೆ ಟೆಸ್ಟರು ಇಣುಕುತ್ತಿರುವುದನ್ನು ಕಂಡು ನಮ್ಮ ಅಧ್ಯಾಪಕರೊಬ್ಬರು, "ಏನಯ್ಯಾ, ಪಾಲಿಟೆಕ್ನಿಕ್ಕಿಗೆ ಹೊರಟವನು ದಾರಿ ತಪ್ಪಿ ಇಲ್ಲಿಗೆ ಬಂದೆಯಾ?" ಎಂದು ನಕ್ಕಿದ್ದರು. ದಾರಿ ತಪ್ಪಿತೋ ಸರಿಯಾದ ದಾರಿಯನ್ನೇ ಹಿಡಿಯಿತೋ, ಈ ಲೇಖನವನ್ನು ಓದಿದ ಮೇಲೆ ವಾಚಕರೇ ನಿರ್ಣಯಿಸಲಿ.

ಈ ಹವ್ಯಾಸ ನನಗೆ ಅಂಟಿದ್ದು ಮದ್ದೂರಿನ ಒಂದು ರಿಪೇರಿ ಅಂಗಡಿಯಲ್ಲಿ. ನಮ್ಮದು ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಎರಡೆಕರೆ ಗದ್ದೆಯ ಸಂಸಾರ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಬಸ್ಸಿನ ಪಾಸು, ಪುಸ್ತಕ, ಪರೀಕ್ಷೆಯ ಶುಲ್ಕ ಇವುಗಳಿಗೆಲ್ಲ ಅಪ್ಪನ ಮುಖ ನೋಡುವುದಕ್ಕೆ ಸಂಕೋಚವಾಗಿ, ಭಾನುವಾರಗಳಲ್ಲಿಯೂ ಸಂಜೆಯ ಹೊತ್ತಿನಲ್ಲಿಯೂ ಆ ಅಂಗಡಿಯಲ್ಲಿ ಕೈಕೆಲಸಕ್ಕೆ ನಿಂತೆ. ಮಿಕ್ಸಿ, ಫ್ಯಾನು, ಟಿ.ವಿ., ಮೊಬೈಲಿನ ಚಾರ್ಜರು, ಮೈಕ್‌ಸೆಟ್ಟು, ಯಾವುದು ಬಂದರೂ ಯಜಮಾನರು ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು, ಅನಂತರ ಮೂಸಿ ನೋಡುವರು, ಆಮೇಲೆಯೇ ಮೀಟರು. "ಸುಟ್ಟಿದ್ದು ವಾಸನೆ ಕೊಡುತ್ತೆ, ಸಡಿಲ ಆದದ್ದು ಸದ್ದು ಕೊಡುತ್ತೆ, ಎರಡೂ ಇಲ್ಲ ಅಂದ್ರೆ ಆಗ ಮೀಟರನ್ನ ಕೇಳು," ಎಂಬುದು ಅವರು ನನಗೆ ಕೊಟ್ಟ ಮೊದಲ ಪಾಠ. ನಮ್ಮಪ್ಪನಿಗೆ ಮಾತ್ರ ಇದು ಹಿಡಿಸಿರಲಿಲ್ಲ. "ಡಿಗ್ರಿ ಓದ್ಲಿ ಅಂತ ಕಳಿಸುದ್ರೆ ತಂತಿ ಹೊಸೀತಾ ಕುಂತವ್ನೆ," ಎಂದು ಜಗಲಿಯ ಮೇಲೆ ಕುಳಿತವರೊಡನೆ ಹೇಳುತ್ತಿದ್ದುದು ಎಷ್ಟೋ ಸಲ ನನ್ನ ಕಿವಿಗೂ ಬಿದ್ದಿದೆ.

ಇರಲಿ, ಪ್ರಕೃತ ವಿಷಯಕ್ಕೆ ಬರೋಣ. ನಾನು ಧ್ವನಿವರ್ಧಕ ಕಟ್ಟಲು ಹೊರಟದ್ದು ಹವ್ಯಾಸಕ್ಕಾಗಿ ಅಲ್ಲ, ನಮ್ಮ ಅಜ್ಜಿಗಾಗಿ. ಸುತ್ತ ನಾಲ್ಕು ಊರುಗಳಲ್ಲಿ ನಮ್ಮ ಅಜ್ಜಿಯ ಸೋಬಾನೆ ಪದವಿಲ್ಲದೆ ಹಸೆಗೆ ಕೂತ ಮದುವಣಗಿತ್ತಿಯಿಲ್ಲ ಎನ್ನುತ್ತಿದ್ದ ಕಾಲವೊಂದಿತ್ತು. ಅವಳು ಮದುವೆಯಾಗಿ ಬಂದಾಗ ನಮ್ಮ ಊರಿಗೆ ಕರೆಂಟೇ ಬಂದಿರಲಿಲ್ಲವಂತೆ. ಚಪ್ಪರದಡಿಯಲ್ಲಿ ಕುಳಿತು ಪದ ಎತ್ತಿದರೆ ಆ ತುದಿಯ ಬೀದಿಗೂ ಕೇಳಿಸುತ್ತಿತ್ತಂತೆ. ಈಗ ವಯಸ್ಸು ಎಪ್ಪತ್ತೈದರ ಮೇಲಾಯಿತು. ಎರಡು ವರ್ಷದ ಹಿಂದೆ ಬಂದ ಕಾಯಿಲೆ ಮೈಯ ಬಲವನ್ನು ಹಿಂದಕ್ಕೆ ಕೊಟ್ಟಿತೇ ಹೊರತು ದನಿಯ ಬಲವನ್ನು ಕೊಡಲಿಲ್ಲ. ಪದಗಳು ಒಂದೂ ಮರೆತಿಲ್ಲ. ರಾಗ ಅತ್ತಿತ್ತ ಕದಲಿಲ್ಲ. ದನಿ ಮಾತ್ರ ಪಿಸುಮಾತಿನಷ್ಟಕ್ಕೆ ಇಳಿಯಿತು. ಅಕ್ಕನ ಮದುವೆ ಗೊತ್ತಾದ ದಿನ, "ಅಜ್ಜಿ, ಚಪ್ಪರದ ದಿವಸ ನೀನೇ ಪದ ಹೇಳ್ಬೇಕು," ಎಂದೆ. ಅವಳು ಎಲೆಯಡಿಕೆಯ ಚೀಲವನ್ನು ಮಡಿಚಿಡುತ್ತ, "ಈಗ ಯಾರ್ ಕೇಳಾರು ಮೊಗ? ನನ್ ದನಿ ನಂಗೇ ಕೇಳಾಕಿಲ್ಲ," ಎಂದಳು. ಆ ಮಾತಿನಲ್ಲಿ ದೂರಿರಲಿಲ್ಲ. ಮುಗಿದುಹೋದ ಲೆಕ್ಕವನ್ನು ಓದಿ ಹೇಳುವವರ ಶಾಂತಿಯಿತ್ತು. ನನಗೆ ತಡೆಯಲಾರದಷ್ಟು ಸಂಕಟವಾದದ್ದು ಆ ಶಾಂತಿಯಿಂದಲೇ.

ಬಾಡಿಗೆಯ ಮೈಕ್‌ಸೆಟ್ಟು ತರಬಹುದಾಗಿತ್ತಲ್ಲ ಎಂದು ಕೇಳುವವರಿದ್ದಾರೆ. ತರಬಹುದಾಗಿತ್ತು. ಆದರೆ ನಮ್ಮ ಕಡೆಯ ಮೈಕ್‌ಸೆಟ್ಟುಗಳು ಊರಾಚೆಯ ತೋಟಕ್ಕೆ ಕೇಳಿಸಲೆಂದು ಹುಟ್ಟಿದವು; ಚಪ್ಪರದೊಳಗೆ ಕುಳಿತ ಐವತ್ತು ಜನರಿಗೆ ಒಂದು ಮೆಲುದನಿಯನ್ನು ಇದ್ದಂತೆ ಕೇಳಿಸುವ ಸಹನೆ ಅವಕ್ಕಿಲ್ಲ. ನನಗೆ ಬೇಕಾದದ್ದು ಗದ್ದಲವಲ್ಲ, ಕೇಳುವಿಕೆ. ಆದ್ದರಿಂದ ಚಿಕ್ಕದೊಂದನ್ನು ನಾನೇ ಕಟ್ಟುವುದೆಂದು ನಿಶ್ಚಯಿಸಿದೆ.

ಧ್ವನಿವರ್ಧಕವೆಂದರೇನು? ದನಿಯನ್ನು ಹಿಗ್ಗಿಸುವ ಯಂತ್ರ ಎಂದು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ದನಿ ರಬ್ಬರಿನಂತೆ ಹಿಗ್ಗುವ ಪದಾರ್ಥವಲ್ಲ. ನಮ್ಮ ನಾಲೆಯ ನೀರಗಂಟಿಯನ್ನು ನೆನೆಸಿಕೊಳ್ಳಿ. ಅವನ ತೋಳಿನಲ್ಲಿ ಗದ್ದೆಬಯಲಿಗೆಲ್ಲ ನೀರುಣಿಸುವ ಬಲವಿಲ್ಲ. ನೀರಿನ ಬಲ ನಾಲೆಯದು. ಅವನು ತೂಬನ್ನು ಕೊಂಚ ಎತ್ತುತ್ತಾನೆ, ಕೊಂಚ ಇಳಿಸುತ್ತಾನೆ. ಅವನ ಕೈ ಆಡಿದಂತೆ ಆ ಮಹಾಪ್ರವಾಹ ಹೆಚ್ಚುತ್ತದೆ, ತಗ್ಗುತ್ತದೆ. ಧ್ವನಿವರ್ಧಕದೊಳಗೂ ಇದೇ ಕಥೆ. ಮೈಕಿನಿಂದ ಬರುವ ಸಂಜ್ಞೆ ಒಂದೆರಡು ಮಿಲಿವೋಲ್ಟು, ಎಂದರೆ ವೋಲ್ಟಿನ ಸಾವಿರದಲ್ಲಿ ಒಂದೆರಡು ಪಾಲು. ಅದು ನೀರಗಂಟಿ. ಸ್ಪೀಕರನ್ನು ಕುಣಿಸುವ ಬಲವೆಲ್ಲ ವಿದ್ಯುತ್ತಿನ ಮೂಲದಿಂದ ಬರತಕ್ಕದ್ದು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಎಂಬಾತ ಗಾಜಿನ ಬುರುಡೆಯೊಳಗೆ ಇಂಥ ತೂಬನ್ನು ಇಟ್ಟ. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರು ಹುಟ್ಟಿ, ತೂಬು ಕಾಳಿನಷ್ಟಾಯಿತು. ಈಗ ಉಗುರಗಲದ ಸಿಲಿಕಾನಿನ ಚೂರಿನೊಳಗೆ ಅಂಥ ಹತ್ತಾರು ತೂಬುಗಳನ್ನು ಒಟ್ಟಿಗೆ ಕೂರಿಸಿ ಮಾರುತ್ತಾರೆ.

ವಿದ್ಯುತ್ತಿನ ಮೂಲವೆಂದಾಗ ನಮ್ಮ ಜಿಲ್ಲೆಯವರು ಎದೆಯುಬ್ಬಿಸಿ ಹೇಳಿಕೊಳ್ಳುವ ಮಾತೊಂದಿದೆ. ನೆರೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ಧುಮುಕುವಲ್ಲಿಂದ 1902ರಲ್ಲಿಯೇ ವಿದ್ಯುತ್ತು ಹೊರಟು, ಸುಮಾರು 92 ಮೈಲಿ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕಾಯಿತು. ತಂತಿ ನಮ್ಮ ಹೊಲಗಳ ನೆತ್ತಿಯ ಮೇಲೆ ಹಾದುಹೋಯಿತು. ನಮ್ಮ ಅಜ್ಜಿಯ ಚಪ್ಪರಕ್ಕೆ ಇಳಿಯುವುದಕ್ಕೆ ಮಾತ್ರ ಮತ್ತೆ ಅರವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಒಂದು ಭಾನುವಾರ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಎಸ್.ಪಿ. ರಸ್ತೆಯ ಗಲ್ಲಿಗಳಲ್ಲಿ ಅಲೆದು ಸಾಮಾನು ತಂದೆ. ಆ ರಸ್ತೆಯ ವೈಭವ ಹೇಳತೀರದು. ನಮ್ಮ ಸಂತೆಯಲ್ಲಿ ಹುರುಳಿ, ಅವರೆ ರಾಶಿ ಹಾಕಿದಂತೆ ಅಲ್ಲಿ ಡಯೋಡು, ಕೆಪಾಸಿಟರುಗಳನ್ನು ರಾಶಿ ಹಾಕಿರುತ್ತಾರೆ. ನಾನು ಆರಿಸಿದ್ದು ಎಲ್.ಎ. 4440 ಎಂಬ ಚಿಪ್ಪಿನ ಒಂದು ಬೋರ್ಡು. ಇನ್ನೂರು ರೂಪಾಯಿಗೆ ಒಳಗೇ ಸಿಕ್ಕಿತು. ಹದಿನಾಲ್ಕು ಕಾಲಿನ ಈ ಪ್ರಾಣಿ ಹಳೆಯ ಜಪಾನೀ ತಳಿ. ಊರೂರಿನ ಟೇಪ್‌ರೆಕಾರ್ಡರುಗಳಲ್ಲಿ ದುಡಿದು ಪಳಗಿದ್ದು. ಎರಡು ಪಕ್ಕಕ್ಕೆ ಆರಾರು ವಾಟು ಕೊಡುತ್ತದೆಂದು ತಯಾರಕರ ಹೇಳಿಕೆ.

ಇನ್ನು ಇದಕ್ಕೆ ಊಟ ಹಾಕುವ ಬಗೆ. ಕಟ್ಟುವವರು ಅತ್ಯಂತ ಎಚ್ಚರದಿಂದಿರಬೇಕಾದ ಸ್ಥಳ ಇದೇ. ಬೋರ್ಡಿನ ಮೇಲೆ "12 ವೋಲ್ಟು" ಎಂದು ಬರೆದಿರುತ್ತದೆ. ಅಂಗಡಿಯಲ್ಲಿ "12-0-12" ಎಂಬ ಟ್ರಾನ್ಸ್‌ಫಾರ್ಮರು ಕಣ್ಣಿಗೆ ಬೀಳುತ್ತದೆ. ಹನ್ನೆರಡಕ್ಕೆ ಹನ್ನೆರಡು ಸರಿಹೋಯಿತೆಂದು ಕೊಳ್ಳುವವರೇ ಬಹಳ. ಆದರೆ ಟ್ರಾನ್ಸ್‌ಫಾರ್ಮರಿನ ಹನ್ನೆರಡು ಏರಿಳಿಯುವ ವಿದ್ಯುತ್ತಿನ ಸರಾಸರಿಯಂಥ ಲೆಕ್ಕ. ಅಲೆಯ ನೆತ್ತಿ ಅದಕ್ಕಿಂತ 1.414 ಪಟ್ಟು ಎತ್ತರ. ಡಯೋಡು ದಾಟಿ ಕೆಪಾಸಿಟರಿನಲ್ಲಿ ನಿಲ್ಲುವುದು ಆ ನೆತ್ತಿಯ ವೋಲ್ಟೇಜು. ಹನ್ನೆರಡನ್ನು 1.414ರಿಂದ ಗುಣಿಸಿದರೆ ಹದಿನೇಳರ ಹತ್ತಿರ. ಡಯೋಡಿನ ಸುಂಕ 0.7 ಕಳೆದರೆ 16.3. ನಮ್ಮ ಹಳ್ಳಿಗಳಲ್ಲಿ ನಡುರಾತ್ರಿ 230 ಇರಬೇಕಾದ ವೋಲ್ಟೇಜು 250ಕ್ಕೆ ಏರುವುದೂ ಉಂಟು. ಆಗ ಅದು ಈ ಚಿಪ್ಪಿನ ಮಿತಿಯಾದ 18ನ್ನು ದಾಟಬಹುದು. ಇನ್ನು ನಡುವಿನ ಸೊನ್ನೆಯ ತಂತಿಯನ್ನು ಬಿಟ್ಟು ಎರಡು ತುದಿಗಳನ್ನೇ ಹಿಡಿದು ನಾಲ್ಕು ಡಯೋಡಿಗೆ ಕೊಟ್ಟರಂತೂ 32ನ್ನು ಮೀರಿ, ಬೋರ್ಡು ಹಾಡುವ ಬದಲು ಹೊಗೆಯಾಡುತ್ತದೆ. ಆದ್ದರಿಂದ ನಾನು 9-0-9, 3 ಆಂಪಿಯರಿನದನ್ನು ಕೊಂಡೆ. ಒಂಬತ್ತನ್ನು 1.414ರಿಂದ ಗುಣಿಸಿ 0.7 ಕಳೆಯಿರಿ: ಸರಿಯಾಗಿ ಹನ್ನೆರಡು. ಪ್ರೌಢಶಾಲೆಯಲ್ಲಿ ವರ್ಗಮೂಲದ ಲೆಕ್ಕ ಮಾಡುವಾಗ ಇದರಿಂದ ಯಾರಿಗೆ ಪ್ರಯೋಜನ ಎಂದುಕೊಳ್ಳುತ್ತಿದ್ದವರಿಗೆ ಇದನ್ನು ಸಮರ್ಪಿಸುತ್ತೇನೆ.

ಎರಡು ಡಯೋಡು, 4700 ಮೈಕ್ರೋಫ್ಯಾರಡಿನ 25 ವೋಲ್ಟು ತಾಳುವ ಒಂದು ಕೆಪಾಸಿಟರು: ಇಷ್ಟೇ ಅಡುಗೆಮನೆ. ಡಯೋಡಿನಿಂದ ವಿದ್ಯುತ್ತು ಒಂದೇ ಸಮನೆ ಬರುವುದಿಲ್ಲ. ಸೆಕೆಂಡಿಗೆ ನೂರು ಸಲ ಅಲೆಯಲೆಯಾಗಿ ನುಗ್ಗಿ ನಿಲ್ಲುತ್ತದೆ. ನಮ್ಮ ನಾಲೆಯಲ್ಲಿ ಕಟ್ಟು ಪದ್ಧತಿಯ ಮೇಲೆ ನೀರು ಬಿಟ್ಟಂತೆ. ನೀರು ಬಂದಾಗ ತುಂಬಿಕೊಂಡು, ನಿಂತಾಗ ಪೈರಿಗೆ ಉಣಿಸುವ ಕಟ್ಟೆಯ ಕೆಲಸ ಕೆಪಾಸಿಟರಿನದು. ಕಟ್ಟೆ ಚಿಕ್ಕದಾದರೆ ಪೈರು ಬಾಡುತ್ತದೆ. ಇಲ್ಲಿ ಕೆಪಾಸಿಟರು ಚಿಕ್ಕದಾದರೆ ಸ್ಪೀಕರಿನಲ್ಲಿ "ಗುಂಯ್" ಎಂಬ ನಾದ ಏಳುತ್ತದೆ.

230 ವೋಲ್ಟಿನ ಪಕ್ಕವನ್ನು ಮುಟ್ಟುವಾಗ ಯಜಮಾನರು ಬಳಿಯಲ್ಲೇ ನಿಂತಿದ್ದರು. ಟ್ರಾನ್ಸ್‌ಫಾರ್ಮರಿನ ಯಾವ ಪಕ್ಕ ಯಾವುದೆಂದು ತಂತಿಯ ಬಣ್ಣವನ್ನು ನಂಬದೆ ಮೀಟರಿನಿಂದಲೇ ನೋಡಿದೆವು: ಮನೆಯ ಕರೆಂಟಿಗೆ ಸೇರುವ ಸುರುಳಿ ಹತ್ತಾರು ಓಮ್ ತೋರಿಸಿತು, ಬೋರ್ಡಿನ ಕಡೆಯದು ಒಂದು ಓಮಿಗೂ ಕಡಮೆ. ಅರ್ಧ ಆಂಪಿಯರಿನ ಫ್ಯೂಸು, ಬೆಸುಗೆಯ ಮೇಲೆಲ್ಲ ತೋಳಿನಂತೆ ಏರಿಸಿದ ಪ್ಲಾಸ್ಟಿಕ್ ಕೊಳವೆ, ತಗಡಿನ ಪೆಟ್ಟಿಗೆಗೆ ಮೂರು ಪಿನ್ನಿನ ಪ್ಲಗ್ಗಿನಿಂದ ಬಂದ ಅರ್ಥಿಂಗ್ ತಂತಿ, ಇವುಗಳಲ್ಲಿ ಒಂದನ್ನೂ ಅವರು ಬಿಡಗೊಡಲಿಲ್ಲ. "ಬೋರ್ಡು ಹೋದರೆ ಇನ್ನೂರು ರೂಪಾಯಿ. ನೀನು ಹೋದರೆ ನಿಮ್ಮಪ್ಪನಿಗೆ ಯಾವ ಅಂಗಡೀಲಿ ತಂದುಕೊಡ್ಲಿ?" ಎಂದರು. ಮೊದಲ ಸಲ ಕರೆಂಟು ಕೊಡುವಾಗ 60 ವಾಟಿನ ಹಳೆಯ ಮಾದರಿಯ ಬಲ್ಬೊಂದನ್ನು ಸೀರೀಸಿನಲ್ಲಿ ಹಾಕಿದೆವು. ಒಳಗೆ ಎಲ್ಲಿಯಾದರೂ ಶಾರ್ಟಾಗಿದ್ದರೆ ಬಲ್ಬು ಪೂರ್ಣ ಉರಿದು ಎಚ್ಚರಿಸುತ್ತದೆ, ಬೋರ್ಡು ಉಳಿಯುತ್ತದೆ. ಗುಂಡಿ ಒತ್ತಿದೆ. ಬಲ್ಬು ಒಂದು ಕ್ಷಣ ಮಿನುಗಿತು. ಕೆಪಾಸಿಟರು ತುಂಬಿಕೊಂಡಂತೆ ಮೆಲ್ಲಗೆ ನಂದಿತು. ಹೆರಿಗೆಯ ಕೋಣೆಯ ಹೊರಗೆ ನಿಂತವರಂತೆ ನಿಂತಿದ್ದ ನಾವಿಬ್ಬರೂ ಉಸಿರು ಬಿಟ್ಟೆವು. ಮೀಟರು 12.3 ತೋರಿಸುತ್ತಿತ್ತು.

ಮೊಬೈಲಿನಿಂದ ಹಾಡು ಕೊಟ್ಟಾಗ ಬೋರ್ಡು ಸೊಗಸಾಗಿ ಹಾಡಿತು. ಮೈಕು ಸೇರಿಸಿದಾಗಲೇ ನಿಜವಾದ ಪರೀಕ್ಷೆ. ಈ ಚಿಪ್ಪು ಒಳಬಂದ ವೋಲ್ಟೇಜನ್ನು 350 ಪಟ್ಟಿಗೂ ಹೆಚ್ಚಾಗಿ ಬೆಳೆಸುತ್ತದೆ. ಆದರೂ ಮೈಕಿನ ಒಂದೆರಡು ಮಿಲಿವೋಲ್ಟಿಗೆ ಅದು ಸಾಲದೆ, ಬಿ.ಸಿ. 547 ಎಂಬ ಪುಟ್ಟ ಟ್ರಾನ್ಸಿಸ್ಟರಿನಿಂದ ಮುಂಚಿತವಾಗಿ ಹತ್ತು ಪಟ್ಟಿನಷ್ಟು ಬೆಳೆಸುವ ಒಂದು ಮೆಟ್ಟಿಲನ್ನು ಕಟ್ಟಿದ್ದೆ. ಈಗ ಯೋಚಿಸಿ: ದನಿಯನ್ನು ಸಾವಿರಾರು ಪಟ್ಟು ಬೆಳೆಸುವ ಯಂತ್ರ ಅದರ ಜೊತೆಗೆ ನುಸುಳಿದ ಕಸವನ್ನೂ ಅಷ್ಟೇ ಪಟ್ಟು ಬೆಳೆಸುತ್ತದೆ. ಅದಕ್ಕೆ ಸೋಬಾನೆ ಯಾವುದು, ಗುಂಯ್ಗುಟ್ಟುವಿಕೆ ಯಾವುದು ಎಂಬ ವಿವೇಕವಿಲ್ಲ. ಮೈಕು ಸೇರಿಸಿದೊಡನೆ ಜೇನುಗೂಡಿಗೆ ಕಲ್ಲು ಬಿದ್ದಂತೆ ಸದ್ದೆದ್ದಿತು.

ಆ ಸದ್ದಿನ ಮೂಲ ಹುಡುಕುವುದರಲ್ಲಿ ಮೂರು ಸಂಜೆಗಳು ಕಳೆದವು. ಇಲ್ಲಿ ಉಪಯೋಗಕ್ಕೆ ಬಂದದ್ದು ಯಾವ ವಿಜ್ಞಾನವೂ ಅಲ್ಲ. ನಮ್ಮ ಚರಿತ್ರೆಯ ಅಧ್ಯಾಪಕರು ಹೇಳಿಕೊಟ್ಟ ಕ್ರಮ. ಸಾಕ್ಷಿಗಳನ್ನು ಒಟ್ಟಿಗೆ ಕೇಳಬೇಡ, ಒಬ್ಬೊಬ್ಬರನ್ನಾಗಿ ಕೇಳು ಎಂದು ಅವರು ಹೇಳುತ್ತಿದ್ದರು. ಮೈಕಿನ ತಂತಿ ಬಿಚ್ಚಿದೆ: ಸದ್ದು ನಿಂತಿತು. ಎಂದರೆ ಊಟದ ಮನೆ ನಿರ್ದೋಷಿ. ತಂತಿ ಮಾತ್ರ ಸೇರಿಸಿ ಮೈಕು ಬಿಚ್ಚಿದೆ: ಸದ್ದು ಮತ್ತೆ ಬಂತು. ತಂತಿಯನ್ನು ಟ್ರಾನ್ಸ್‌ಫಾರ್ಮರಿನ ಹತ್ತಿರ ತಂದರೆ ಹೆಚ್ಚಿತು. ದೂರ ಒಯ್ದರೆ ತಗ್ಗಿತು. ಕೊನೆಗೆ ಹಳೆಯ ಆ ತಂತಿಯ ತುದಿಯನ್ನು ಸೀಳಿ ನೋಡಿದಾಗ, ಒಳತಂತಿಯನ್ನು ಕವಚದಂತೆ ಸುತ್ತಿ ಕಾಯಬೇಕಾದ ತಾಮ್ರದ ಜಾಲ ಪ್ಲಗ್ಗಿನ ಬಳಿ ಸವೆದು ಹರಿದಿತ್ತು. ಹೊಸ ತಂತಿ ಹಾಕಿದೆ. ಮೈಕು, ಬೋರ್ಡು, ಕೆಪಾಸಿಟರು ಎಲ್ಲದರ ನೆಲದ ತಂತಿಗಳನ್ನು ಒಂದೇ ಬಿಂದುವಿನಲ್ಲಿ ಕೂಡಿಸಿದೆ. ಟ್ರಾನ್ಸ್‌ಫಾರ್ಮರನ್ನು ಪೆಟ್ಟಿಗೆಯ ಆಚೆಯ ಮೂಲೆಗೆ ಕೂರಿಸಿದೆ. ಜೇನುಗೂಡು ಶಾಂತವಾಯಿತು.

ಇಲ್ಲಿ ವಾಟಿನ ವಿಷಯವಾಗಿ ಎರಡು ಮಾತು ಹೇಳದಿದ್ದರೆ ತಪ್ಪಾದೀತು. ಪೇಟೆಯ ಪೆಟ್ಟಿಗೆಗಳ ಮೇಲೆ ಸಾವಿರ ವಾಟು, ಐದು ಸಾವಿರ ವಾಟು ಎಂದು ಬರೆದಿರುವುದನ್ನು ಕಂಡು ಸ್ನೇಹಿತರು ನನ್ನ ಪೆಟ್ಟಿಗೆಯನ್ನು ಹಾಸ್ಯಮಾಡಿದರು. ಹನ್ನೆರಡು ವೋಲ್ಟಿನ ಮೂಲದಿಂದ ನಾಲ್ಕು ಓಮಿನ ಸ್ಪೀಕರಿಗೆ ಒಂದು ಪಕ್ಕದಲ್ಲಿ ದನಿ ಒಡೆಯದಂತೆ ಕೊಡಬಹುದಾದದ್ದು ನಾಲ್ಕೂವರೆ ವಾಟು. ಎರಡು ಪಕ್ಕಗಳನ್ನು ಜೋಡಿಸಿ ಒಂದೇ ಸ್ಪೀಕರಿಗೆ ಹೂಡಿದರೆ ಹೆಚ್ಚೆಂದರೆ ಹದಿನೆಂಟು. ಮಿಕ್ಕದ್ದೆಲ್ಲ ಪೆಟ್ಟಿಗೆಯ ಮೇಲಿನ ಸಾಹಿತ್ಯ. ಅಲ್ಲದೆ ನಮ್ಮ ಕಿವಿಗೆ ದನಿ ಎರಡರಷ್ಟಾಯಿತೆಂದು ತೋರಬೇಕಾದರೆ ವಾಟು ಸುಮಾರು ಹತ್ತರಷ್ಟಾಗಬೇಕು. ಆದ್ದರಿಂದ ನಾಲ್ಕು ವಾಟು ನಾವೆಣಿಸಿದಷ್ಟು ಅಲ್ಪವಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ "ಆಕಾಶವಾಣಿ"ಯನ್ನು ಆರಂಭಿಸಿದಾಗ ಅವರ ಪ್ರಸಾರಯಂತ್ರದ ಬಲ 30 ವಾಟು. ರೇಡಿಯೋ ಅಲೆಯ ವಾಟು ಬೇರೆ, ಸ್ಪೀಕರಿನ ವಾಟು ಬೇರೆ ಎಂಬುದು ನಿಜ. ಆದರೆ ಅಷ್ಟರಲ್ಲಿ ಹುಟ್ಟಿದ ಹೆಸರು ಮುಂದೆ ದೇಶದ ರೇಡಿಯೋಗೆಲ್ಲ ಹೆಸರಾಯಿತು. ಬಲಕ್ಕಿಂತ ಹೇಳತಕ್ಕ ಮಾತು ದೊಡ್ಡದು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಚಪ್ಪರದ ಸಂಜೆಗೆ ಕರೆಂಟಿನ ಭರವಸೆಯನ್ನು ಯಾರು ಕೊಟ್ಟಾರು? ಯಜಮಾನರು ತಮ್ಮ ಅಂಗಡಿಯ 12 ವೋಲ್ಟು, 7 ಆಂಪಿಯರ್-ಗಂಟೆಯ ಯು.ಪಿ.ಎಸ್. ಬ್ಯಾಟರಿಯನ್ನು ಎರವಲು ಕೊಟ್ಟರು. ಸರಾಸರಿ ಅರ್ಧ ಆಂಪಿಯರು ಎಳೆಯುವ ನನ್ನ ಪೆಟ್ಟಿಗೆಗೆ ಅದು ಒಂದು ಸಂಜೆಗೆ ಧಾರಾಳ. ಬ್ಯಾಟರಿಯಲ್ಲಿ ಅಲೆಯೇ ಇಲ್ಲದುದರಿಂದ ಗುಂಯ್ ಎನ್ನುವ ಮಾತೂ ಇಲ್ಲ. ಸ್ಪೀಕರುಗಳನ್ನು ಚಪ್ಪರದ ಮುಂಗಂಬಗಳಿಗೆ ಜನರ ಕಡೆಗೆ ತಿರುಗಿಸಿ ಕಟ್ಟಿ, ಮೈಕನ್ನು ಅವುಗಳ ಹಿಂದೆ ಇಟ್ಟೆ. ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೋದರೆ "ಕೂ" ಎಂದು ಅರಚುತ್ತದೆಯಲ್ಲ, ಅದಕ್ಕಾಗಿ.

ಅಜ್ಜಿ ಮೊದಲು ಒಪ್ಪಲಿಲ್ಲ. "ಕಬ್ಬಿಣುಕ್ಕೆ ಪದ ಹೇಳದಾ?" ಎಂದಳು. ಆಮೇಲೆ ಅಕ್ಕನನ್ನು ಹಸೆಗೆ ಕರೆತಂದು ಕೂರಿಸಿದಾಗ, ಯಾರೂ ಹೇಳದೆ ತಾನಾಗಿಯೇ ಪದ ಎತ್ತಿದಳು. ಅದೇ ಪಿಸುಮಾತಿನ ದನಿ. ಆದರೆ ಚಪ್ಪರದ ಕೊನೆಯ ಕಂಬದ ಬಳಿ ಮಗುವನ್ನು ಎತ್ತಿಕೊಂಡು ನಿಂತಿದ್ದ ಹೆಂಗಸು ತಲೆಯೆತ್ತಿ ನೋಡಿದಳು. ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ದನಿಯ ನಡುಕವೂ ಕೇಳಿಸುತ್ತಿತ್ತು, ಸಾಲಿನ ಕೊನೆಗೆ ಉಸಿರು ಸಾಲದೆ ಅವಳು ನಿಲ್ಲುತ್ತಿದ್ದುದೂ ಕೇಳಿಸುತ್ತಿತ್ತು. ಎರಡನೆಯ ಸಾಲಿಗೆ ಮೂರು ಮುದುಕಿಯರು ಸೊಲ್ಲು ಸೇರಿಸಿದರು. ಮೂರನೆಯದಕ್ಕೆ ಹೊಸ ಸೊಸೆಯರೂ ತೊದಲುತ್ತ ಸೇರಿದರು. ಅಜ್ಜಿ ಒಂದು ಸಲ ಸ್ಪೀಕರಿನ ಕಡೆಗೆ ತಿರುಗಿ, ಹೊರಗಿನವರ ಮಾತು ಕೇಳುವವಳಂತೆ ತನ್ನ ದನಿಯನ್ನೇ ಕೇಳಿದಳು, ಮತ್ತೆ ಹಾಡಿದಳು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂಬ 2000ನೆಯ ಇಸವಿಯ ನಿಯಮವಿರುವುದರಿಂದ ಹತ್ತಕ್ಕೆ ಐದು ನಿಮಿಷವಿರುವಾಗ ಗುಂಡಿ ಆರಿಸಿದೆ. ಹಾಡು ಆಮೇಲೂ ನಡೆಯಿತು. ಪೆಟ್ಟಿಗೆಯ ಅಗತ್ಯ ಆಗ ಇರಲಿಲ್ಲ. ಹಾಡುವವರು ಇಪ್ಪತ್ತು ಜನರಾಗಿದ್ದರು.

ಮಾರನೆಯ ವಾರ ನಮ್ಮಪ್ಪ ಜಗಲಿಯಲ್ಲಿ ಯಾರಿಗೋ, "ನಮ್ಮುಡುಗ ಒಂದ್ ಪೆಟ್ಗೆ ಮಾಡವ್ನೆ ಕಣಯ್ಯ. ಭಜನೆ ಮನೇಗೂ ಒಂದ್ ಮಾಡ್ಕೊಡು ಅಂತ ಹೇಳ್ತೀನಿ ತಡಿ," ಎನ್ನುತ್ತಿದ್ದುದು ಕೇಳಿಸಿತು. ಇದಕ್ಕಿಂತ ದೊಡ್ಡ ಪದವಿಪ್ರದಾನ ನನಗೆ ಮುಂದೆ ಆಗಲಿಕ್ಕಿಲ್ಲ.

ನಮ್ಮಂಥವರು ಕಾಲೇಜಿಗೆ ಬಂದಾಗ, ಇಲ್ಲಿ ನಮಗೊಂದು ಹೊಸ ದನಿ ಸಿಗುತ್ತದೆ, ಹಳೆಯದನ್ನು ಬಸ್‌ಸ್ಟಾಂಡಿನಲ್ಲೇ ಬಿಟ್ಟುಬಿಡಬಹುದು ಎಂಬ ಭ್ರಮೆ ಇರುತ್ತದೆ. ಓದು ದನಿಯನ್ನು ಕೊಡುವುದಿಲ್ಲವೆಂದು ನನಗೀಗ ತೋರುತ್ತದೆ. ದನಿ ಮನೆಯದು. ಓದು ಎಲ್ಲಿಂದಲೋ ಬಲ ತಂದು ಅದಕ್ಕೆ ಸೇರಿಸುತ್ತದೆ, ಅಷ್ಟೆ. ನಮ್ಮೊಳಗಿನ ಕಸವನ್ನೂ ಅದೇ ನಿಷ್ಠೆಯಿಂದ ದೊಡ್ಡದು ಮಾಡುತ್ತದೆ. ಆದ್ದರಿಂದ ಬಲ ಸೇರಿಸುವುದಕ್ಕೆ ಮುಂಚೆ ತಂತಿಯ ಕವಚ ಗಟ್ಟಿಯಾಗಿದೆಯೇ, ನೆಲದ ತಂತಿ ನೆಲದಲ್ಲಿಯೇ ಇದೆಯೇ ಎಂದು ನೋಡಿಕೊಳ್ಳುವುದು ಲೇಸು. ಭಜನೆಯ ಮನೆಯ ಪೆಟ್ಟಿಗೆಗೆ ಸಾಮಾನು ತಂದಾಗಿದೆ. ಪರೀಕ್ಷೆ ಮುಗಿದ ಮಾರನೆಯ ದಿನವೇ ಬೆಸುಗೆಯ ಕಡ್ಡಿಯನ್ನು ಕಾಯಿಸುವವನಿದ್ದೇನೆ, ಅಲ್ಲಿಯವರೆಗೆ ಅರ್ಥಶಾಸ್ತ್ರ.